ಅಪ್‌ಡೇಟ್: ಪಾಂಗ್ ಆಟ ಕೊನೆಗೂ ಓಡಿತು

ಹೋದ ವಾರ ಕೇಳಿದ್ದೆನಲ್ಲ, ಕಾಲೇಜಿನ ಮಿನಿ ಪ್ರಾಜೆಕ್ಟಿಗೆ ಆರ್ಡುಯಿನೋ ಊನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಪಾಂಗ್ (ಬ್ಯಾಟಿನಿಂದ ಚೆಂಡು ಬಡಿಯುವ ಹಳೆಯ ವಿಡಿಯೋ ಗೇಮ್) ಆಟ ಮಾಡುತ್ತಿದ್ದೇವೆ, ಮೆನು ಸೇರಿಸಿದ ಕೂಡಲೇ ಓಎಲ್‌ಇಡಿ ಪರದೆ ಕಪ್ಪಾಗುತ್ತದೆ, ಬ್ಯಾಟ್ ಬೇರೆ ಸುಮ್ನೆ ನಡುಗುತ್ತದೆ ಅಂತ. ಎರಡೂ ಸರಿಹೋದವು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಪರದೆ ಕೆಟ್ಟಿರಲೇ ಇಲ್ಲ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ಇನ್ನೊಂದು ತಂದದ್ದು ದಂಡ! ನಿಮ್ಮಲ್ಲೊಬ್ಬರು ಹೇಳಿದಂತೆ ಮೆಮೊರಿ ಸಾಲುತ್ತಿರಲಿಲ್ಲ. ನಮ್ಮ ಊನೋದಲ್ಲಿ ಇರುವ ರ‍್ಯಾಮ್ ಬರೀ 2 ಕೆಬಿ (2,048 ಬೈಟ್). 128 ಅಗಲ, 64 ಎತ್ತರದ ಪರದೆಯ ಚಿತ್ರ ಇಟ್ಟುಕೊಳ್ಳಲಿಕ್ಕೇ ಪರದೆಯ ಲೈಬ್ರರಿ (ಸಿದ್ಧ ಕೋಡ್) 1,024 ಬೈಟ್ ಕೇಳುತ್ತದೆ. ಅರ್ಧ ಅಲ್ಲೇ ಹೋಯಿತು. ಅದನ್ನು ಪ್ರೋಗ್ರಾಮ್ ಶುರುವಾದ ಮೇಲೆ ತೆಗೆದುಕೊಳ್ಳುವುದರಿಂದ ಕಂಪೈಲ್ ಮಾಡುವಾಗ (ಕೋಡನ್ನು ಬೋರ್ಡಿಗೆ ಸಿದ್ಧಮಾಡುವಾಗ) ಕಾಣುವ ಮೆಮೊರಿ ಲೆಕ್ಕದಲ್ಲಿ ಬರುವುದಿಲ್ಲ. ನಾನು ಮೋಸ ಹೋದದ್ದು ಇಲ್ಲೇ. ಉಳಿದದ್ದನ್ನು ನನ್ನ ಉದ್ದುದ್ದ ಮೆನು ಸಾಲುಗಳು ತಿಂದಿದ್ದವು. ಅವನ್ನೆಲ್ಲ ಎಫ್ ಮ್ಯಾಕ್ರೋ, ಅಂದರೆ F(), ಒಳಗೆ ಹಾಕಿ ರ‍್ಯಾಮಿಗೆ ತರದೆ, ಪ್ರೋಗ್ರಾಮ್ ಇರುವ ಫ್ಲ್ಯಾಶ್‌ನಲ್ಲೇ ಬಿಟ್ಟೆ. ಪರದೆ ತಕ್ಷಣ ಬೆಳಗಿತು.

ಬ್ಯಾಟಿನ ನಡುಕಕ್ಕೆ, ಅದನ್ನು ಸರಿಸಲು ತಿರುಗಿಸುವ ಪೊಟೆನ್ಷಿಯೋಮೀಟರನ್ನು 8 ಸಲ ಓದಿ ಸರಾಸರಿ ತೆಗೆದೆ. ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. 0ರಿಂದ 1023ರವರೆಗಿನ ಓದಿನಲ್ಲಿ 10ಕ್ಕಿಂತ ಜಾಸ್ತಿ ಬದಲಾದರೆ ಮಾತ್ರ ಬ್ಯಾಟ್ ಸರಿಯಲಿ ಅಂತ ಮಾಡಿದ ಮೇಲೆ ಗಟ್ಟಿಯಾಗಿ ನಿಂತಿತು.

ಈಗ ಬಜರ್ ಸೇರಿಸಿದ್ದೇವೆ. ಚೆಂಡು ಬಡಿದಾಗಲೆಲ್ಲ ಆಟ ಚೂರು ನಿಂತು ಮುಂದೆ ಹೋಗುತ್ತದೆ. ಶಬ್ದದ ನಂತರ ಡಿಲೇ (ಅಷ್ಟು ಹೊತ್ತು ಪ್ರೋಗ್ರಾಮನ್ನು ನಿಲ್ಲಿಸುವ ಆದೇಶ) ಹಾಕಿರುವುದೇ ಕಾರಣ ಅಲ್ವಾ? ಇವತ್ತು ರಾತ್ರಿ ಅದನ್ನು ತೆಗೆದು, ಪ್ರೋಗ್ರಾಮ್ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತೆಂದು ಹೇಳುವ ಮಿಲಿಸ್‌ನಿಂದ ಸಮಯ ನೋಡುವಂತೆ ಬರೆಯುತ್ತೇನೆ. ಸೋಮವಾರ ಡೆಮೊ.