ಅಣ್ಣನ ತೆರಿಗೆ ಬಾಕಿಗೆ ಜಂಟಿ ಮನೆ ಜಪ್ತಿ: ನನ್ನ ಪಾಲಿನ ಗತಿಯೇನು?

ಪ್ರಶ್ನೆ: ಮೈಸೂರಿನಲ್ಲಿ ತಂದೆಯವರಿಂದ ನನಗೂ ಅಣ್ಣನಿಗೂ ಸಮಪಾಲಾಗಿ ಬಂದ, ಇನ್ನೂ ವಿಭಾಗವಾಗದ ಮನೆಯೊಂದಿದೆ. ಅಣ್ಣನ ವ್ಯಾಪಾರದ ಆದಾಯ ತೆರಿಗೆ ಬಾಕಿಗಾಗಿ 2023ರಲ್ಲಿ ಆದ ಜಪ್ತಿ, ಋಣಭಾರ ಪತ್ರದಲ್ಲಿ ಇಡೀ ಮನೆಯ ಮೇಲೆಯೇ ನಮೂದಾಗಿದೆ. ಬ್ಯಾಂಕಿನವರು ನನಗೆ ಸಾಲ ನಿರಾಕರಿಸಿದ್ದಾರೆ. ನನ್ನ ಅರ್ಧ ಪಾಲಿಗೂ ಧಕ್ಕೆಯಿದೆಯೇ?

ಉತ್ತರ 1: ಬಾಕಿ ಅಣ್ಣನವರದೇ ಆಗಿದ್ದರೆ ಜಪ್ತಿ ತಟ್ಟಬೇಕಾದದ್ದು ಅವರ ಪಾಲಿಗೆ ಮಾತ್ರ. 1961ರ ಆದಾಯ ತೆರಿಗೆ ಕಾಯ್ದೆಯ ಎರಡನೇ ಅನುಸೂಚಿಯ 11ನೇ ನಿಯಮದಂತೆ, ವಾರಸಾ ದಾಖಲೆ ಮತ್ತು ಖಾತೆ ಪ್ರತಿಗಳನ್ನು ಲಗತ್ತಿಸಿ, ನಿಮ್ಮ ಅರ್ಧ ಪಾಲನ್ನು ಜಪ್ತಿಯಿಂದ ಬಿಡಬೇಕೆಂದು ತೆರಿಗೆ ವಸೂಲಾತಿ ಅಧಿಕಾರಿಯವರಿಗೆ ತಕರಾರು ಸಲ್ಲಿಸಿರಿ. ಅದು ತಿರಸ್ಕೃತವಾದರೆ ಸಿವಿಲ್ ದಾವೆಯ ದಾರಿಯಿದೆ. ಆದರೆ ನೋಟಿಸನ್ನು ಮತ್ತೊಮ್ಮೆ ಓದಿರಿ: ಬಾಕಿ ತಂದೆಯವರ ಕಾಲದ್ದಾದರೆ, 159ನೇ ಕಲಮಿನಂತೆ ವಾರಸುದಾರರು ಬಂದ ಆಸ್ತಿಯ ಮಿತಿಯಲ್ಲಿ ಹೊಣೆಗಾರರಾಗುತ್ತಾರೆ.

ಉತ್ತರ 2: ಅಣ್ಣನವರಿಂದ ಈಗ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರೆ ಸರಿಹೋಗುತ್ತದೆಂದು ಕೆಲವರು ಸಲಹೆ ಕೊಡುತ್ತಾರೆ, ದಯವಿಟ್ಟು ಕೇಳಬೇಡಿ. ಜಪ್ತಿಯ ನಂತರ ಅಧಿಕಾರಿಯವರ ಅನುಮತಿಯಿಲ್ಲದೆ ಮಾಡಿದ ವರ್ಗಾವಣೆ ಇಲಾಖೆಯ ವಸೂಲಾತಿಯ ಎದುರು ನಿಲ್ಲುವುದಿಲ್ಲ.

ಪ್ರಶ್ನೆ ಕೇಳಿದವರು: ಅವರ ಪಾಲು ಹರಾಜಾದರೆ?

ಉತ್ತರ 1: ಕೊಂಡವರು ನಿಮ್ಮ ಸಹಮಾಲೀಕರಾಗುತ್ತಾರೆ. ವಾಸದ ಮನೆಯಾದ್ದರಿಂದ, ಅವರು ವಿಭಾಗಕ್ಕೆ ದಾವೆ ಹೂಡಿದಾಗ 1893ರ ವಿಭಾಗ ಕಾಯ್ದೆಯ 4ನೇ ಕಲಮಿನಡಿ ನ್ಯಾಯಾಲಯ ನಿಗದಿಪಡಿಸುವ ಬೆಲೆಗೆ ಆ ಪಾಲನ್ನು ನೀವೇ ಕೊಳ್ಳಲು ಕೋರಬಹುದು.