ಕುಟುಂಬದ ಗುಂಪಿನಲ್ಲಿ ಹಾರ್ಡ್ ಡಿಸ್ಕ್ ವಾರಂಟಿ

ಮಾವ (ಫಾರ್ವರ್ಡ್): ಎಚ್ಚರಿಕೆ! ಹಾರ್ಡ್ ಡಿಸ್ಕ್ ಕಂಪನಿಗಳು ವಾರಂಟಿಯನ್ನು ಐದು ವರ್ಷದಿಂದ ಒಂದೇ ವರ್ಷಕ್ಕೆ ಇಳಿಸಿವೆ. ವರ್ಷ ತುಂಬಿದ ಮರುದಿನವೇ ಕೆಡುವಂತೆ ಒಳಗೆ ವ್ಯವಸ್ಥೆ ಮಾಡಿದ್ದಾರೆ. ಎಲ್ಲರಿಗೂ ಕಳುಹಿಸಿ.

ಚಿಕ್ಕಮ್ಮ: ಅಯ್ಯೋ, ನನ್ನದಕ್ಕೆ ಎರಡು ವರ್ಷವಾಯಿತು!

ದೊಡ್ಡಪ್ಪ: ದುರಾಸೆಗೆ ಮಿತಿಯೇ ಇಲ್ಲ. ಹಿಂದೆ ಮಾರುವವನು ಆಡಿದ ಮಾತಿಗೆ ತಪ್ಪುತ್ತಿರಲಿಲ್ಲ.

ಅಕ್ಕ: ಮಾವ, ಇದಕ್ಕೆ ಆಧಾರ ಏನು? ಯಾವ ಕಂಪನಿ, ಯಾವ ಮಾದರಿ, ಯಾವ ತಾರೀಖು, ಒಂದೂ ಇಲ್ಲ. 2011ರ ಸುದ್ದಿಯನ್ನು ತಿರುಚಿದಂತಿದೆ. ಆಗ ಥಾಯ್ಲೆಂಡಿನ ಪ್ರವಾಹದಲ್ಲಿ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದ್ದವು. ಆ ವರ್ಷದ ಡಿಸೆಂಬರಿನಲ್ಲಿ ಸೀಗೇಟ್ ಕಂಪನಿ ತನ್ನ ಕೆಲವು ಬಾರಾಕುಡಾ ಮಾದರಿಗಳ ವಾರಂಟಿಯನ್ನು ಒಂದು ವರ್ಷಕ್ಕೆ ಇಳಿಸಿತು. ವೆಸ್ಟರ್ನ್ ಡಿಜಿಟಲ್ ಕಂಪನಿ ತನ್ನ ಬ್ಲೂ, ಗ್ರೀನ್ ಡಿಸ್ಕುಗಳಿಗೆ ಮೂರಿದ್ದದ್ದನ್ನು ಎರಡು ಮಾಡಿತು. ಬ್ಲ್ಯಾಕ್‌ಗೆ ಐದನ್ನು ಉಳಿಸಿಕೊಂಡಿತು. ದೊಡ್ಡಪ್ಪ, ಹಿಂದೆಯೂ ಹೀಗೆಯೇ ಇತ್ತು. 2002ರಲ್ಲಿ ದೊಡ್ಡ ಕಂಪನಿಗಳು ಮೂರನ್ನು ಒಂದಕ್ಕೆ ಇಳಿಸಿದ್ದವು, 2004ರಲ್ಲಿ ಸೀಗೇಟ್ ಐದಕ್ಕೆ ಏರಿಸಿತ್ತು.

ಮಾವ: ಇಳಿಸಿದ್ದು ನಿಜ ತಾನೇ? ಮತ್ತೇಕೆ ವಾದ?

ಅಕ್ಕ: ಬೇಕೆಂದೇ ಕೆಡಿಸುತ್ತಾರೆ ಎನ್ನುವುದಕ್ಕೆ ಆಧಾರ ಕೇಳಿದೆ. ವಾರಂಟಿ ಮುಗಿಯುವುದು ಬೇರೆ, ಡಿಸ್ಕ್ ಕೆಡುವುದು ಬೇರೆ.

ಮಾವ: ನಾನು ಏನು ಹಾಕಿದರೂ ನಿನಗೆ ಆಧಾರ ಬೇಕು. ಮನೆ ಪತ್ರದ ವಿಷಯದಲ್ಲೂ ಎಲ್ಲರೆದುರು ಹೀಗೆಯೇ ಮಾಡಿದ್ದೆ.

ದೊಡ್ಡಪ್ಪ: ಹಿರಿಯರ ಮುಂದೆ ಸ್ವಲ್ಪ ತಗ್ಗಿ ನಡೆಯಬೇಕಮ್ಮ.

ತಮ್ಮ: ಅಜ್ಜನ ಮನೆಯ ಮೊದಲ ಕಂಪ್ಯೂಟರ್ ನೆನಪಿದೆಯೇ? ಶುರುವಾಗುವಾಗ ಡಿಸ್ಕ್ ಗರಗರ ಎನ್ನುತ್ತಿತ್ತು. ಅಜ್ಜ ಪೆಟ್ಟಿಗೆಯ ಮೇಲೆ ಕೈಯಿಟ್ಟು, ‘ಬಿಸಿಯಾಗಿದೆ, ಇನ್ನು ಏಳಿ’ ಎಂದು ನಮ್ಮನ್ನು ಎಬ್ಬಿಸುತ್ತಿದ್ದರು.

ಚಿಕ್ಕಮ್ಮ: ಈಗ ನೆನಪಾಯಿತು. ಅಪ್ಪ ಹಾಡಿದ ವಿಡಿಯೊ ಇದ್ದ ಡಿಸ್ಕನ್ನು ವಾರಂಟಿಗೆ ಕಳುಹಿಸಿದ್ದು ಯಾರು, ಅಣ್ಣ?

ಮಾವ: ಕೆಟ್ಟಿತ್ತು, ಕಳುಹಿಸಿದೆ. ದುಡ್ಡಿಲ್ಲದೆ ಬದಲಿ ಬಂತಲ್ಲ!

ಚಿಕ್ಕಮ್ಮ: ಬಂದದ್ದು ಖಾಲಿ ಡಿಸ್ಕ್. ವಿಡಿಯೊ ಎಲ್ಲಿ?

ಅಕ್ಕ: ಫಾರ್ವರ್ಡಿನಲ್ಲಿ ಇರಬೇಕಾಗಿದ್ದದ್ದು ಇದು. ವಾರಂಟಿ ಡಿಸ್ಕಿಗೆ ಮಾತ್ರ, ಒಳಗಿನ ಫೈಲುಗಳಿಗಲ್ಲ. ಕಳುಹಿಸಿದ ಡಿಸ್ಕ್ ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಬದಲಿ ಬರುವುದು ಬಹಳ ಸಲ ರಿಪೇರಿಯಾದದ್ದು, ಅದಕ್ಕೆ ಹೊಸದಾಗಿ ಪೂರ್ತಿ ಅವಧಿಯೂ ಸಿಗುವುದಿಲ್ಲ. ಐದು ವರ್ಷದ ವಾರಂಟಿ ಇದ್ದರೂ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು. ದಯವಿಟ್ಟು ಇವತ್ತೇ ಮಾಡಿಕೊಳ್ಳಿ.

ಮಾವ: ಎಲ್ಲ ತಪ್ಪೂ ನನ್ನದೇ ಎನ್ನಿ. ಕಳುಹಿಸು ಎಂದವರು ಭಾವ.

ದೊಡ್ಡಪ್ಪ: ನಾನು ಹಾಗೆ ಹೇಳಿಲ್ಲ. ಬಿಲ್ ಇದೆಯೇ ನೋಡು ಎಂದಿದ್ದೆ.

ಅಕ್ಕ: ಚಿಕ್ಕಮ್ಮ, ನಿಮ್ಮ ಡಿಸ್ಕಿನ ಹಿಂಬದಿಯ ಚೀಟಿಯ ಫೋಟೊ ಕಳುಹಿಸಿ. ಅದರಲ್ಲಿರುವ ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಎಂದಿನವರೆಗೆ ಎಂದು ಗೊತ್ತಾಗುತ್ತದೆ.

ಚಿಕ್ಕಮ್ಮ: (ಫೋಟೊ)

ಅಕ್ಕ: ಇದು ಚಾರ್ಜರಿನ ಚೀಟಿ, ಚಿಕ್ಕಮ್ಮ. ಡಿಸ್ಕಿನದು ಬೇಕು.

ಮಾವ: ಭಾವ, ಬಿಲ್ಲಿನ ಮಾತನ್ನು ಅಂದು ನೀವು ಎತ್ತಲೇ ಇಲ್ಲ.