ಅಮ್ಮ ಬರುವ ಮೊದಲು ಬಸಳೆ ಹುಡುಕಬೇಕು: ಶಿಕಾಗೊ ಪಶ್ಚಿಮದ ಉಪನಗರದವರು ಯಾರಾದರೂ ಇದ್ದೀರಾ?

ಬಂಟ್ವಾಳದವ

ಫಾಕ್ಸ್ ನದಿ ದಂಡೆಯ ಬಟೇವಿಯಾಕ್ಕೆ ನಾವು ಬಂದು ನಾಲ್ಕು ತಿಂಗಳಾಯಿತು. ಊರು ಚೆನ್ನಾಗಿದೆ, ಸದ್ದುಗದ್ದಲವಿಲ್ಲ. ಆದರೆ ಮನೆ ಹತ್ತಿರದ ದೊಡ್ಡ ಅಂಗಡಿಯಲ್ಲಿ 'ಅಂತರರಾಷ್ಟ್ರೀಯ' ಎಂದು ಬೋರ್ಡು ತೂಗಿದ ಸಾಲಿಗೆ ಹೋದರೆ ಸೋಯಾ ಸಾಸ್, ಟಾಕೋ ಚಿಪ್ಪು, ಎರಡು ಡಬ್ಬಿ ತೆಂಗಿನ ಹಾಲು. ನಮ್ಮ ಪಾಲಿಗೆ ಒಂದು ಹಳದಿ 'ಕರ್ರಿ ಪೌಡರ್'. ಅಷ್ಟೇ.

ಮೇ ತಿಂಗಳಲ್ಲಿ ಅಮ್ಮ ಬರುತ್ತಾರೆ. ಟಿಕೆಟ್ ಮಾಡಿದೆ ಎಂದು ಫೋನಿನಲ್ಲಿ ಹೇಳಿದ ಕೂಡಲೇ ಕೇಳಿದ್ದು, "ಅಲ್ಲಿ ಬಸಳೆ ಸಿಗುತ್ತದೆಯೇ?" ಕುಚ್ಚಲಕ್ಕಿಯೂ ಬೇಕು. ನಮ್ಮ ತುಳುನಾಡಿನ ಮಳೆಗಾಲದ ಆಟಿ ತಿಂಗಳು ಇಲ್ಲೇ ಕಳೆಯುವುದರಿಂದ ಪತ್ರೊಡೆಗೆ ಕೆಸುವಿನ ಎಲೆ ಬೇಕೇ ಬೇಕು. ಒಡೆದಾಗ ಮೂಗು ಮುಚ್ಚಿಕೊಳ್ಳಬೇಕಾಗದ ತೆಂಗಿನಕಾಯಿ ಸಿಕ್ಕಿದರೆ ದೊಡ್ಡ ಉಪಕಾರ. ಕಳೆದ ವಾರ ಒಂದು ಅಂಗಡಿಯಿಂದ ತಂದ ಮೂರರಲ್ಲಿ ಎರಡು ಕೊಳೆತಿದ್ದವು, ಅಲ್ಲಿಂದಲೇ ತಂದ ರವೆಯಲ್ಲಿ ಹುಳ. ನಮಗಿರುವುದು ಒಂದೇ ಕಾರು, ಶನಿವಾರ ಮಾತ್ರ ನನ್ನ ಕೈಗೆ ಸಿಗುತ್ತದೆ.

ಡೆವಾನ್ ಪ್ರೇಮಿ

ಕಣ್ಣು ಮುಚ್ಚಿ ಶಿಕಾಗೊದ ಡೆವಾನ್ ಅವೆನ್ಯೂಗೆ ಹೋಗಿ. ಪಟೇಲ್ ಬ್ರದರ್ಸ್ ಎಂಬ ಭಾರತೀಯ ದಿನಸಿ ಅಂಗಡಿ 1974ರಲ್ಲಿ ಶುರುವಾದದ್ದೇ ಆ ಬೀದಿಯಲ್ಲಿ. ಸಾಮಾನು ಕೊಂಡು, ಊಟ ಮಾಡಿ, ಸಿಹಿ ಕಟ್ಟಿಸಿಕೊಂಡು ಬರಬಹುದು.

ಅರೋರಾ ಅಕ್ಕ

ಡೆವಾನ್‌ಗೆ ಕಣ್ಣು ಮುಚ್ಚಿ ಹೋಗಬಹುದು, ಕಾರು ನಿಲ್ಲಿಸಲು ಮಾತ್ರ ಕಣ್ಣು ಬಿಟ್ಟು ಅರ್ಧ ಗಂಟೆ ಸುತ್ತಬೇಕು. ಬಟೇವಿಯಾದಿಂದ ಕೊತ್ತಂಬರಿ ಸೊಪ್ಪಿಗೆ ಅಷ್ಟು ದೂರ ಯಾಕೆ?

ತಮ್ಮಾ, ನಾನು ಕುಂದಾಪುರದವಳು, ಅರೋರಾದಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನಮ್ಮ ತರಕಾರಿ ನಮ್ಮವರ ಅಂಗಡಿಯಲ್ಲೇ ಇರುತ್ತದೆ ಎಂದು ಮೊದಲ ಎರಡು ವರ್ಷ ನಾನೂ ನಂಬಿದ್ದೆ. ಬೇಳೆ, ಇಂಗು, ಮೆಂತ್ಯಕ್ಕೆಲ್ಲ ನೇಪರ್‌ವಿಲ್‌ನ ಪಟೇಲ್ ಬ್ರದರ್ಸ್‌ಗೆ ತಿಂಗಳಿಗೊಮ್ಮೆ ಹೋದರೆ ಸಾಕು. ಕುಚ್ಚಲಕ್ಕಿ ಎಂದು ಕೇಳಿದರೆ ಯಾರಿಗೂ ಅರ್ಥವಾಗದು, 'ಕೇರಳ ಮಟ್ಟ' ಎಂದು ಕೇಳಿ. ನಮ್ಮ ಅಕ್ಕಿಯ ರುಚಿ ಅದಕ್ಕಿಲ್ಲ, ಅಮ್ಮ ಮೊದಲ ದಿನ ಮೂಗು ಮುರಿಯುತ್ತಾರೆ. ಗಂಜಿಗೆ ಉಪ್ಪಿನಕಾಯಿ ಹಾಕಿ ಬಡಿಸಿ, ಸುಮ್ಮನಾಗುತ್ತಾರೆ. ಕೆಸುವಿನ ಎಲೆಯನ್ನು ಗುಜರಾತಿಗಳು 'ಪಾತ್ರಾ' ಎನ್ನುತ್ತಾರೆ. ಅವರೂ ಅದಕ್ಕೆ ಹಿಟ್ಟು ಸವರಿ ಸುರುಳಿ ಸುತ್ತುವವರೇ, ಕಡಲೆಹಿಟ್ಟು ಎಂಬುದಷ್ಟೇ ವ್ಯತ್ಯಾಸ.

ಹಸಿ ತರಕಾರಿಗೆ ಅರೋರಾದ ಮೆಕ್ಸಿಕನ್ ಅಂಗಡಿಗಳಿಗೆ ಬನ್ನಿ, ನಿಮಗೆ ಪಕ್ಕದ ಊರು. ನಾನು ಮೊದಲ ಸಲ ಒಳಗೆ ಹೋದದ್ದು ಮಳೆ ಬಂತೆಂದು. ಎದುರಿಗೇ ಸೀಮೆಬದನೆ ರಾಶಿ ಬಿದ್ದಿತ್ತು! ಎರಡು ವರ್ಷ ಶೈತ್ಯ ಪೆಟ್ಟಿಗೆಯ ತರಕಾರಿ ತಿಂದವಳು ನಾನು; ಒಂದನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಗಲ್ಲೆಯಲ್ಲಿದ್ದ ಹೆಂಗಸು ಏನೋ ತೊಂದರೆಯಾಗಿದೆ ಎಂದುಕೊಂಡು ಎದ್ದು ಬಂದು, "ಚಯೋತೆ" ಎಂದು ಎರಡು ಸಲ ನಿಧಾನವಾಗಿ ಹೇಳಿಕೊಟ್ಟಳು. ಅವರು ಅದನ್ನು ಮಾಂಸದ ಸಾರಿಗೆ ಹಾಕುತ್ತಾರಂತೆ. ನಾನು ಕೈಸನ್ನೆಯಲ್ಲಿ ತೆಂಗಿನಕಾಯಿ ತುರಿದು ತೋರಿಸಿದೆ. ಪಲ್ಯಕ್ಕೆ ಹಸಿರು ಪ್ಲಾಂಟೇನ್ ಬಾಳೆಕಾಯಿ, ಮರಗೆಣಸು, ಸಿಪ್ಪೆಯ ಸಮೇತ ಹುಣಸೆಹಣ್ಣು, ಶೈತ್ಯ ಪೆಟ್ಟಿಗೆಯಲ್ಲಿ ಬಾಳೆ ಎಲೆ, ಎಲ್ಲವೂ ಅಲ್ಲಿವೆ. 'ಗ್ವಾಹಿಯೊ' ಎಂಬ ಒಣಮೆಣಸು ತಂದು ನೋಡಿ: ಖಾರ ಕಡಿಮೆ, ಬಣ್ಣ ಗಾಢ. ಬ್ಯಾಡಗಿ ಮುಗಿದ ವಾರ ಸಾರಿನ ಮಾನ ಉಳಿಸುತ್ತದೆ.

ತೆಂಗಿನಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ ನೀರಿನ ಸದ್ದು ಕೇಳುವುದು ಎಲ್ಲರಿಗೂ ಗೊತ್ತು. ಅದು ಸಾಲದು. ಮೂರು ಕಣ್ಣುಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ತೇವ ತಗುಲಿದರೆ, ಬೂದುಬಣ್ಣದ ಬೂಷ್ಟು ಕಂಡರೆ ಅಲ್ಲೇ ಬಿಟ್ಟುಬಿಡಿ. ಧೈರ್ಯವಿಲ್ಲದಿದ್ದರೆ ತುರಿದು ಶೀತಲೀಕರಿಸಿದ ಪೊಟ್ಟಣ ತನ್ನಿ, ಚಟ್ನಿಗೆ ಮೋಸವಿಲ್ಲ.

ಬಸಳೆಯದ್ದೇ ಕಷ್ಟ. ಅದನ್ನು ತಿನ್ನುವವರು ವಿಯೆಟ್ನಾಮಿನವರು, ಫಿಲಿಪೀನ್ಸಿನವರು. ವಿಯೆಟ್ನಾಮಿನವರಿಗೆ 'ಮೊಂಗ್ ತೊಯ್', ಫಿಲಿಪೀನ್ಸಿನವರಿಗೆ 'ಅಲುಗ್‌ಬಾತಿ'. ನೇಪರ್‌ವಿಲ್‌ನ ಕೊರಿಯನ್ ಅಂಗಡಿ ಎಚ್ ಮಾರ್ಟ್‌ನಲ್ಲಿ ನನಗೆ ಬೇಸಿಗೆಯಲ್ಲಿ ಒಮ್ಮೊಮ್ಮೆ ಸಿಕ್ಕಿದೆ. ಇಲ್ಲದಿದ್ದರೆ ಶಿಕಾಗೊದ ಆರ್ಗೈಲ್ ಬೀದಿಯ ವಿಯೆಟ್ನಾಮಿ ಅಂಗಡಿಗಳು. ಒಂದು ಸಲ ಹೋದರೆ ಸಾಕು: ಎಲೆ ಪದಾರ್ಥಕ್ಕೆ ಹಾಕಿ, ದಪ್ಪ ದಂಟು ನಾಲ್ಕನ್ನು ನೀರಿನಲ್ಲಿಡಿ. ಬೇರು ಬಿಡುತ್ತದೆ. ಮೇ ಕೊನೆಯವರೆಗೆ ಹೊರಗೆ ನೆಡಬೇಡಿ, ಒಂದು ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿದರೂ ಬಳ್ಳಿ ಸತ್ತುಹೋಗುತ್ತದೆ.

ಮಲ್ಲೇಶ್ವರದ ಮೊಮ್ಮಗಳು

ಅಕ್ಕನ ಮಾತಿಗೆ ಇದನ್ನೂ ಸೇರಿಸಿಕೊಳ್ಳಿ. ಅವರೆಕಾಳು ಬೇಕಿದ್ದವರು ಶೈತ್ಯ ಪೆಟ್ಟಿಗೆಯಲ್ಲಿ 'ಸೂರ್ತಿ ಪಾಪ್ಡಿ ಲಿಲ್ವಾ' ಹುಡುಕಿ. ಪಕ್ಕದಲ್ಲೇ ಇರುವ 'ತುವೇರ್ ಲಿಲ್ವಾ' ತೊಗರಿಕಾಳು. ನಾನು ಅದನ್ನು ತಂದು ರಾತ್ರಿಯೆಲ್ಲ ನೆನೆಸಿ ಹಿತಕಲು ಕೂತು ಕಣ್ಣೀರು ಹಾಕಿದ್ದೇನೆ. ಮತ್ತೆ, ಅಮ್ಮನ ಚೀಲದಲ್ಲಿ ಹಸಿ ಕರಿಬೇವು ಬೇಡ. ಅಮೆರಿಕದೊಳಗೆ ತರುವುದು ನಿಷಿದ್ಧ, ಕಿತ್ತಳೆ-ನಿಂಬೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ ಎಂದು. ಸಾರಿನ ಪುಡಿ ತರಲಿ, ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಇದೆ ಎಂದು ತಾವೇ ಹೇಳಲಿ.

ಬಂಟ್ವಾಳದವ

ಜೂನ್ ಕೊನೆಯ ವರದಿ. ಆರ್ಗೈಲ್‌ನಲ್ಲಿ ಬಸಳೆ ಸಿಕ್ಕಿತು. "ಮೊಂಗ್ ತೊಯ್" ಎಂದೆ, ಅಂಗಡಿಯಾತ ನಕ್ಕು ನನ್ನ ಉಚ್ಚಾರ ತಿದ್ದಿ, ಆಮೇಲೆ ಸೊಪ್ಪು ಕೊಟ್ಟ. ನಾಲ್ಕು ದಂಟಿನಲ್ಲಿ ಮೂರು ಬೇರು ಬಿಟ್ಟಿವೆ, ಬಳ್ಳಿ ಡೆಕ್‌ನ ಕಂಬಿ ಹತ್ತಿದೆ. ಮಟ್ಟ ಅಕ್ಕಿಗೆ ಅಮ್ಮ ಮೂಗು ಮುರಿದದ್ದು ಒಂದು ದಿನವಲ್ಲ ಅಕ್ಕ, ಒಂದು ವಾರ. ಈಗ ಹೊಸ ಸಮಸ್ಯೆ: ಪಕ್ಕದ ಮನೆಯವರ ಕುಂಡದಲ್ಲಿ 'ಎಲಿಫೆಂಟ್ ಇಯರ್' ಎಂಬ ಗಿಡವಿದೆ. ಇದು ಕೆಸುವೇ, ನಾಲ್ಕು ಎಲೆ ಕೇಳು ಎಂದು ಅಮ್ಮ ದಿನವೂ ಪೀಡಿಸುತ್ತಿದ್ದಾರೆ.

ಅರೋರಾ ಅಕ್ಕ

ಕೇಳಬೇಡಿ! ಆ ಹೆಸರಿನಲ್ಲಿ ಇಲ್ಲಿ ಹತ್ತು ಬಗೆಯ ಅಲಂಕಾರದ ಗಿಡ ಮಾರುತ್ತಾರೆ, ಕೆಲವು ತಿನ್ನುವಂಥವೇ ಅಲ್ಲ. ಗಂಟಲು ಕೆರೆತದಲ್ಲಿ ಮುಗಿದರೆ ಪುಣ್ಯ. ಶನಿವಾರ ಪಾತ್ರಾ ಎಲೆ ತರಲು ಹೊರಟಿದ್ದೇನೆ, ನಿಮಗೂ ಎರಡು ಕಟ್ಟು ತರಲೇ?